ತಳದಲ್ಲಿ ಹಸಿರು ಚುಕ್ಕಿ

ಪೀಣ್ಯ ಎರಡನೇ ಹಂತ
8 ಜನವರಿ 2004

ಅಣ್ಣಾ,

ಈ ಕಾಗದಕ್ಕೆ ಸ್ಟಾಂಪ್ ಇಲ್ಲ. ಇದನ್ನು ನಿನ್ನ ಕೈಗೆ ಕೊಟ್ಟವರು ನಮ್ಮ ವ್ಯಾನಿನ ಡ್ರೈವರ್ ಶ್ಯಾಮಣ್ಣ. ಹದಿನೈದು ದಿನಕ್ಕೊಮ್ಮೆ ಗುರುವಾರ ಜಿಗಣಿ ಕಡೆಯ ಕಾರ್ಖಾನೆಗಳಿಗೆ ಬರುತ್ತಾರೆ. ನಿನ್ನ ಫೋಮ್ ಹಾಸಿಗೆ ಕಾರ್ಖಾನೆಯ ಹೆಸರು ಹೇಳಿದ್ದೇ ತಡ, "ಅಲ್ಲಿಗೇ ಹೋಗ್ತೀನಲ್ಲಮ್ಮ, ಕೊಡು ಇಲ್ಲಿ. ಸ್ಟಾಂಪಿನ ದುಡ್ಡಲ್ಲಿ ನಂಗೊಂದು ಟೀ ಕುಡಿಸು" ಅಂದರು. ಒಂದು ರೂಪಾಯಿ ಫೋನಿನಲ್ಲಿ ನಾನು ಬಾಯಿ ತೆಗೆಯುವುದರೊಳಗೆ ಕುಂಯ್ ಅನ್ನುತ್ತದೆ. ಇದೇ ವಾಸಿ.

ಹೊಸ ಕೆಲಸ ಸಿಕ್ಕಿದೆ. ಬೈಯಬೇಡ. ಊದಿನಕಡ್ಡಿ ಕೆಲಸದಲ್ಲಿ ಕೆಮ್ಮು ಬಂತು, ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಕೈ ಸುಮ್ಮನಿರಲಿಲ್ಲ, ಸ್ಕ್ರೂ ಪ್ಯಾಕಿಂಗಿನಲ್ಲಿ ನೂರು ಅಂತ ಬರೆದ ಡಬ್ಬಿಗೆ ತೊಂಬತ್ತಾರು ಹಾಕು ಅಂದರು. ಮೂರನ್ನೂ ಬಿಟ್ಟೆ. "ಈಕಿ ಕಾಲಾಗ ಗಾಲಿ ಅದಾವ" ಅಂತ ಚಿಗವ್ವ ಶೇಖವ್ವ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಇದೂ ಬಿಟ್ಟರೆ ಊರಿನ ಬಸ್ಸು ಹತ್ತಿಸುತ್ತಾಳಂತೆ.

ಗೋಡೆಗೆ ತೂಗುಹಾಕಿರುತ್ತಾರಲ್ಲ, ಬೆಂಕಿ ಆರಿಸುವ ಕೆಂಪು ಸಿಲಿಂಡರ್, ಅದನ್ನು ವರ್ಷಕ್ಕೊಮ್ಮೆ ರಿಪೇರಿ ಮಾಡುವ ಶೆಡ್ಡು ಇದು. ಮಾಲೀಕರು ಪಂಚಾಕ್ಷರಿ ಅಂತ, ದಾವಣಗೆರೆಯವರು. ಹಣೆಯ ಮೇಲೆ ವಿಭೂತಿ, ಕೂಗಾಡುವವರಲ್ಲ. ನಾನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು ಅಂದಾಗ ಒಂದು ಹಾಳೆ ಕೊಟ್ಟು ಬರೆಸಿದರು. ಬರೆದದ್ದನ್ನು ನೋಡಿ, "ಪ್ರಿಂಟು ಹೊಡ್ದಂಗಿದೆಯಲ್ಲಮ್ಮ" ಅಂದರು. ಪ್ರತಿ ಸಿಲಿಂಡರಿನ ಕುತ್ತಿಗೆಗೂ ಒಂದು ಕಾರ್ಡು ಕಟ್ಟಬೇಕು. ಅದರಲ್ಲಿ ಯಾವ ದಿನ ಪುಡಿ ತುಂಬಿದ್ದು, ಮತ್ತೆ ಯಾವಾಗ ತುಂಬಿಸಬೇಕು ಅಂತ ತಾರೀಖು ಬರೆದು, ಅದನ್ನೇ ಶೆಡ್ಡಿನ ಪುಸ್ತಕಕ್ಕೂ ಇಳಿಸುವುದು ನನ್ನ ಕೆಲಸ. ಫ್ಯಾನಿನ ಕೆಳಗೆ ಕುರ್ಚಿ!

ಸಿಲಿಂಡರ್ ಬಿಚ್ಚುವವರು ಕಾಡಪ್ಪಣ್ಣ ಅಂತ ಒಬ್ಬರೇ. ಹಳೇ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಕೆರೆದು ತೆಗೆದು, ಹೊಸದು ಹಾಕಿ, ಪುಡಿಯನ್ನು ಹೊರಕ್ಕೆ ತಳ್ಳುವ ಗ್ಯಾಸಿನ ಕೊಳವೆಯನ್ನು ತೂಗಿ ನೋಡಿ ಕೂರಿಸುತ್ತಾರೆ. ಒಂದಕ್ಕೆ ಮುಕ್ಕಾಲು ಗಂಟೆ ಬೇಕು. ಹೊರಗಿನಿಂದ ನೋಡಿದರೆ ಒಳಗಿನದು ಏನೂ ತಿಳಿಯುವುದಿಲ್ಲ.

ಆದರೆ ಒಂದು ಮಾತು. ಶೆಡ್ಡಿನಲ್ಲಿ ಎರಡು ಸಾಲು ಇದೆ. ಕಾಡಪ್ಪಣ್ಣ ಒಂದು ಸಾಲಿನವನ್ನು ಮಾತ್ರ ಬಿಚ್ಚುತ್ತಾರೆ. ಇನ್ನೊಂದು ಸಾಲಿನವನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಕೆಂಪು ಬಣ್ಣ ಹೊಡೆದು ನನ್ನ ಮೇಜಿಗೆ ತರುತ್ತಾರೆ. ಎರಡಕ್ಕೂ ಒಂದೇ ಕಾರ್ಡು. ಕೇಳಿದ್ದಕ್ಕೆ, "ಒಸದಾಗಿ ಬಂದಿದ್ದೀಯ, ಬರ್ಕೊಂಡಿರವ್ವ" ಅಂದರು. ವಿಚಾರಿಸಿ ನಿನಗೆ ಬರೆಯುತ್ತೇನೆ.

ಭಾಗ್ಯಶ್ರೀ


ಜಿಗಣಿ
22 ಜನವರಿ 2004

ತಂಗಿ ಭಾಗ್ಯಶ್ರೀಗೆ,

ಶ್ಯಾಮಣ್ಣನವರು ಕೊಟ್ಟ ನಿನ್ನ ಕಾಗದದ ಬೆನ್ನಿಗೇ ಕಾರ್ಡಿನ ಮೇಲಿನ ನಿನ್ನ ಅಕ್ಷರವೂ ಇಲ್ಲಿಗೆ ಬಂದು ಮುಟ್ಟಿತು. ಹೋದ ವಾರ ಕಟಿಂಗ್ ವಿಭಾಗದ ಗೋಡೆಗೆ ರಿಪೇರಿಯಾದ ಸಿಲಿಂಡರುಗಳನ್ನು ತಂದು ತೂಗುಹಾಕಿದರು. ನಾನು ಫೋಮಿನ ದಿಂಡು ಹೊತ್ತುಕೊಂಡು ಹೋಗುವಾಗ ಕಾರ್ಡಿನ ಮೇಲಿನ ಎರಡರ ಅಂಕಿ ಕಂಡಿತು. ಎರಡರ ಬಾಲವನ್ನು ಹಾಗೆ ಮೇಲಕ್ಕೆ ತಿರುಗಿಸುವವಳು ನೀನೊಬ್ಬಳೇ. "ಇದು ನನ್ನ ತಂಗಿ ಬರದದ್ದು" ಅಂತ ಎಲ್ಲರಿಗೂ ತೋರಿಸಿದೆ. ನನ್ನ ಜೊತೆ ರೂಮಿನಲ್ಲಿರುವ ಸಿಂದಗಿ ಕಡೆಯ ಮಲಕಪ್ಪ ಇದ್ದಾನಲ್ಲ, ಅವನು ಕಾರ್ಡಿಗೆ ಕೈ ಮುಗಿದು, "ತಂಗೆವ್ವ, ನಮ್ಮ ಜೀವಾ ನಿನ್ನ ಕೈಯಾಗ ಐತಿ" ಅಂತ ನಾಟಕ ಮಾಡಿದ. ಎಲ್ಲರೂ ನಕ್ಕರು. ಊಟದ ಹೊತ್ತಿಗೆ ನಾನು ಆ ಗೋಡೆಯ ಕೆಳಗೇ ಕೂರುತ್ತೇನೆ.

ಎರಡು ಸಾಲಿನ ವಿಚಾರ ಬರೆದಿದ್ದೀ. ಭಾಗ್ಯಾ, ಕೈ ಮುಗಿಯುತ್ತೇನೆ, ಸುಮ್ಮನಿರು. ಶಾಲೆಯಲ್ಲಿ ಏನಾಯಿತು ನೆನಪು ಮಾಡಿಕೋ. ಅಕ್ಷರ ಚೆನ್ನಾಗಿದೆ ಅಂತ ಹೆಡ್‌ಮಾಸ್ತರು ಅಕ್ಕಿ ಕೊಡುವ ಹಾಜರಿ ಪುಸ್ತಕವನ್ನು ನಿನ್ನ ಕೈಗೆ ಕೊಟ್ಟರು. ಬಾರದ ಹುಡುಗರಿಗೆಲ್ಲ ಬಂದಿದ್ದಾರೆ ಅಂತ ಹಾಕು ಅಂದರು. ನೀನು ಇಡೀ ತಿಂಗಳು ಇದ್ದದ್ದು ಇದ್ದ ಹಾಗೆ ಬರೆದೆ. ಇಲಾಖೆಯ ಸಾಹೇಬರು ಬಂದು ನೋಡಿದರು. ಆಮೇಲೆ ಹೆಡ್‌ಮಾಸ್ತರಿಗೆ ಏನೂ ಆಗಲಿಲ್ಲ, ಶಾಲೆ ಬಿಟ್ಟವಳು ನೀನು. ಸುಳ್ಳು ಬರೆ ಅಂತ ನಾನು ಹೇಳುತ್ತಿಲ್ಲ. ಸಿಲಿಂಡರಿನೊಳಗೆ ಇಣುಕಿ ನೋಡಬೇಡ ಅಂತ ಹೇಳುತ್ತಿದ್ದೇನೆ.

ಇಲ್ಲಿ ಕೆಲಸ ಜಾಸ್ತಿ. ಫೋಮ್ ಕಳ್ಳತನ ಆಗುತ್ತಿದೆ ಅಂತ ಹಿಂದಿನ ಬಾಗಿಲಿಗೆ ಬೀಗ ಹಾಕಿದ್ದಾರೆ. ಲಾರಿ ತನಕ ಸುತ್ತು ಹೊಡೆದು ಹೊರಬೇಕು. ಅದರಿಂದ ಕಾಲು ನೋವು, ಬೇರೆ ಏನಿಲ್ಲ.

ನಿನ್ನ ಅಣ್ಣ
ಹಣಮಂತ


ಪೀಣ್ಯ
5 ಫೆಬ್ರವರಿ 2004

ಅಣ್ಣಾ,

ಆ ಗೋಡೆಯ ಕೆಳಗೆ ಕೂರಬೇಡ.

ನಿನ್ನ ಕಾಗದ ಓದಿದ ಮರುದಿನ ಕಾಡಪ್ಪಣ್ಣನವರನ್ನು ಹಿಡಿದು ಕೇಳಿದೆ. ನಿಮ್ಮ ಕಾರ್ಖಾನೆಯದು ಎರಡನೇ ಸಾಲು. ಒರೆಸಿದ್ದು ಅಷ್ಟೇ. ಒಳಗಿನ ಪುಡಿ ಯಾವ ಕಾಲದ್ದೋ, ಕಲ್ಲಾಗಿದೆ ಅಂದರು. ಹೊತ್ತಿ ಉರಿಯುವ ಫೋಮಿನ ಮಧ್ಯೆ ಹನ್ನೊಂದು ಕಲ್ಲು ತುಂಬಿದ ಡಬ್ಬಿ, ಅದರ ಮೇಲೆ ನನ್ನ ಅಕ್ಷರ.

ಪಂಚಾಕ್ಷರಿ ಸಾರ್ ಹತ್ತಿರ ಹೋದೆ.

"ಸಾರ್, ಈ ಸಾಲಿನದು ಯಾವುದೂ ಬಿಚ್ಚಿಲ್ಲ. ತುಂಬಿದೆ ಅಂತ ಹೆಂಗೆ ಬರೀಲಿ?"

"ತುಂಬಿದೆ ಅಂತ ಕಾರ್ಡಲ್ಲೇ ಅಚ್ಚಾಗಿದೆಯಲ್ಲಮ್ಮ. ನೀನು ಬರಿಯೋದು ತಾರೀಖು ತಾನೆ?" ಅಂದು ನಕ್ಕು, ಕುರ್ಚಿ ತೋರಿಸಿದರು. "ಕೂತ್ಕೊ. ಬಾಳೆಹಣ್ಣು ಕೇಳಿದವನಿಗೆ ಹಲಸಿನಹಣ್ಣು ಕೊಟ್ರೆ ತಗೋತಾನಾ? ಇವರು ಕೇಳೋದು ಕಾರ್ಡು. ಇನ್ಸ್‌ಪೆಕ್ಷನ್ ಬಂದಾಗ ತೋರಿಸೋಕೆ ಕಾರ್ಡು. ಪುಡಿ ಹಾಕ್ತೀನಿ, ರೇಟು ಮೂರು ಪಟ್ಟು ಅಂದ್ರೆ ನಾಳೆನೇ ಪಕ್ಕದ ಶೆಡ್ಡಿಗೆ ಹೋಗ್ತಾರೆ. ವೈಟ್‌ಫೀಲ್ಡಿನ ಕಂಪ್ಯೂಟರ್ ಕಂಪನಿಯವರು ಒಂದೆರಡನ್ನ ಒತ್ತಿ ನೋಡ್ತಾರೆ, ಪೂರ್ತಿ ರೇಟು ಕೊಡ್ತಾರೆ, ಅವರಿಗೆ ಪುಡಿ. ಯಾರಿಗೆ ಏನು ಬೇಕೋ ಅದು. ನಾನು ಮಾರೋದು ತಾರೀಖು ಕಣಮ್ಮ."

"ಬೆಂಕಿ ಬಿದ್ರೆ ಸಾರ್?"

"ಇಪ್ಪತ್ತೆರಡು ವರ್ಷ ಆಯ್ತು ಈ ಲೈನಿಗೆ ಬಂದು. ನನ್ನ ಗಿರಾಕಿಗಳಲ್ಲಿ ಎಷ್ಟು ಜನಕ್ಕೆ ಬೆಂಕಿ ಬಿತ್ತು ಅಂತೀಯ? ಬೀಳದೇ ಇರೋ ಬೆಂಕಿಗೆ ಯಾರು ಬಂಡವಾಳ ಹಾಕ್ತಾರೆ ಹೇಳು."

ಅವರು ಇದನ್ನು ಹೇಳುವಾಗ ಮೋಸಗಾರರ ಹಾಗೆ ಕಾಣಲಿಲ್ಲ, ಅಣ್ಣಾ. ಲೆಕ್ಕ ಹೇಳಿಕೊಡುವ ಮಾಸ್ತರ ಹಾಗೆ ಕಂಡರು. ಅದೇ ನನಗೆ ಹೆದರಿಕೆ. ಮಗಳ ಹಳೇ ಸ್ವೆಟರನ್ನು ನನಗೆ ತಂದುಕೊಟ್ಟವರೂ ಅವರೇ.

ಬಿಟ್ಟು ಬಂದುಬಿಡಬೇಕು ಅನ್ನಿಸಿತು. ಬಿಟ್ಟರೆ ನಾನು ಚೊಕ್ಕವಾಗುತ್ತೇನೆ, ಸಿಲಿಂಡರ್ ತುಂಬುವುದಿಲ್ಲ. ನಾಳೆ ಇನ್ನೊಬ್ಬಳು ಬಂದು ತಾರೀಖು ಬರೆಯುತ್ತಾಳೆ. ಒಂದು ದಾರಿ ಹುಡುಕಿದ್ದೇನೆ. ನೀರಿನ ಡ್ರಮ್ಮಿಗೆ ಹೊಡೆದು ಉಳಿದ ಹಸಿರು ಬಣ್ಣ ಶೆಡ್ಡಿನಲ್ಲಿದೆ. ಕಾಡಪ್ಪಣ್ಣ ನಿಜವಾಗಿ ತುಂಬಿದ ಸಿಲಿಂಡರನ್ನು ಮಗುಚಿ, ತಳದಲ್ಲಿ ಬೆಂಕಿಕಡ್ಡಿಯಿಂದ ಒಂದು ಹಸಿರು ಚುಕ್ಕಿ ಇಡುತ್ತೇನೆ. ತಳವನ್ನು ಯಾರೂ ನೋಡುವುದಿಲ್ಲ. ಕಾಡಪ್ಪಣ್ಣನಿಗೆ ಗೊತ್ತು, ಗೊತ್ತಿಲ್ಲದವರ ಹಾಗೆ ಇದ್ದಾರೆ.

ಇದನ್ನು ನೆನಪಿಡು. ಚುಕ್ಕಿ ಇದ್ದರೆ ತುಂಬಿದೆ. ಚುಕ್ಕಿ ಇಲ್ಲದಿದ್ದರೆ ಅದನ್ನು ಮುಟ್ಟಬೇಡ, ಓಡು. ಮಲಕಪ್ಪಣ್ಣನಿಗೂ ಹೇಳು.

ಭಾಗ್ಯಶ್ರೀ


ಜಿಗಣಿ
19 ಫೆಬ್ರವರಿ 2004

ತಂಗಿ ಭಾಗ್ಯಶ್ರೀಗೆ,

ಊಟದ ಹೊತ್ತಿನಲ್ಲಿ ಹನ್ನೊಂದನ್ನೂ ಒಂದೊಂದಾಗಿ ಮಗುಚಿ ನೋಡಿದೆ. ಒಂದಕ್ಕೂ ಚುಕ್ಕಿ ಇಲ್ಲ. "ಏನೋ ಹಣಮ್ಯಾ, ಸಂತ್ಯಾಗ ಹೋರಿ ಹಲ್ಲ ನೋಡಿದಂಗ ನೋಡಾಕತ್ತೀದಿ" ಅಂತ ಮಲಕಪ್ಪ ಗೇಲಿ ಮಾಡಿದ. ಅವನಿಗೆ ಹೇಳಿದೆ. ನಗು ನಿಂತಿತು. ಅವನ ಹೆಂಡತಿ ಈಗ ಬಸುರಿ, ಊರಲ್ಲಿದ್ದಾಳೆ. "ನಾ ಅಂತೂ ಓಡಾಂವ ಬಿಡಪಾ. ಚುಕ್ಕಿ ಇಲ್ಲಂದ್ರ ಮಲಕಪ್ಪನೂ ಇಲ್ಲ" ಅಂದ.

ನಾನು ಯಾರಿಗೂ ಏನೂ ಹೇಳುವುದಿಲ್ಲ. ನೀನೂ ಹೇಳಬೇಡ. ಎಲ್ಲ ಸರಿಹೋಗುತ್ತದೆ, ನೋಡುತ್ತಿರು. ನಿನ್ನ ಅಣ್ಣ ಒಂಬತ್ತನೇ ಕ್ಲಾಸಿನ ತನಕವೂ ಓದಿಲ್ಲದಿರಬಹುದು, ಪೂರಾ ಪೆದ್ದನಲ್ಲ.

ಚಳಿ ಹೋಯಿತು. ಬಿಸಿಲಿಗೆ ಫೋಮಿನ ವಾಸನೆ ತಲೆಗೆ ಹತ್ತುತ್ತಿದೆ.

ಹಣಮಂತ


ಪೀಣ್ಯ
4 ಮಾರ್ಚ್ 2004

ಅಣ್ಣಾ,

ಸಿಕ್ಕಿಬಿದ್ದೆ. ಆದರೆ ಪೂರ್ತಿ ಓದು.

ಸೋಮವಾರ ಪಂಚಾಕ್ಷರಿ ಸಾರ್ ನೇರ ಶೆಡ್ಡಿಗೆ ಬಂದು, ತುಂಬಿಟ್ಟಿದ್ದ ಸಿಲಿಂಡರನ್ನು ಮಗುಚಿದರು. ಇನ್ನೊಂದು ಮಗುಚಿದರು. ಕಾಡಪ್ಪಣ್ಣನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು. "ಈ ಹಸಿರು ಚುಕ್ಕಿ ಯಾರ ಕೆಲಸ?" ಅಂದರು. ನನ್ನದು ಅಂದೆ. ಯಾಕೆ ಅಂದರು. ಯಾಕೆ ಅಂತಲೂ ಹೇಳಿದೆ, ಒಂದನ್ನೂ ಬಿಡದೆ. ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಹೇಳಿದೆ.

ಅವರು ಸಿಲಿಂಡರನ್ನು ಮತ್ತೆ ನೆಟ್ಟಗೆ ನಿಲ್ಲಿಸಿದರು. ಆಮೇಲೆ, "ಚೀಲ ಇಳಿಸು. ಇಪ್ಪತ್ತೆರಡು ವರ್ಷದಲ್ಲಿ ನಂಗೆ ಹೊಳೀಲಿಲ್ಲವಲ್ಲೇ ಇದು" ಅಂದರು. ಯಾರೋ ಗಿರಾಕಿ ಫೋನ್ ಮಾಡಿ, ನಿಮ್ಮಲ್ಲಿ ಹಸಿರು ಚುಕ್ಕಿಯ ಮಾಲು ಇದೆಯಂತಲ್ಲ, ನಮಗೂ ಅದೇ ಬೇಕು ಅಂದರಂತೆ! ಇನ್ನು ಮೇಲೆ ಚುಕ್ಕಿ ಹೊರಗೇ ಇರುತ್ತದಂತೆ, ಎಲ್ಲರಿಗೂ ಕಾಣುವ ಹಾಗೆ. ಚುಕ್ಕಿಯದಕ್ಕೆ ರೇಟು ಸ್ವಲ್ಪ ಜಾಸ್ತಿ. "ತುಂಬ್ತೀರಾ ಸಾರ್, ನಿಜವಾಗ್ಲೂ?" ಅಂತ ಕೇಳಿದೆ. "ದುಡ್ಡು ಕೊಡ್ತೀವಿ ಅಂದ್ರೆ ತುಂಬಕ್ಕೇನು ರೋಗ?" ಅಂದರು. ನನ್ನ ಸಂಬಳವನ್ನೂ ಹೆಚ್ಚಿಸಿದ್ದಾರೆ. ಚಿಗವ್ವ ಅಂದು ಹೋಳಿಗೆ ಮಾಡಿದಳು.

ನೋಡಿದೆಯಾ? ಸುಮ್ಮನಿರು ಅಂತ ನೀನು ಬರೆದಿದ್ದೆ. ಇದ್ದದ್ದು ಇದ್ದ ಹಾಗೆ ಹೇಳಿದರೂ ಕೆಲವೊಮ್ಮೆ ನಡೆಯುತ್ತದೆ.

ಒಂದೇ ಬೇಜಾರು. ಚುಕ್ಕಿಯ ವಿಷಯ ಗಿರಾಕಿಗೆ ಹೇಗೆ ಗೊತ್ತಾಯಿತು? ಕಾಡಪ್ಪಣ್ಣ ಬಾಯಿ ಬಿಡುವವರಲ್ಲ. ಶ್ಯಾಮಣ್ಣ ನಮ್ಮ ಕಾಗದ ಬಿಚ್ಚಿ ಓದಿದ್ದಾರೆ. ಒಳ್ಳೆಯದೇ ಆಯಿತು, ಆದರೂ ಅದು ಕಳ್ಳತನ. ಇದನ್ನು ಗೋಂದು ಹಚ್ಚಿ ಅಂಟಿಸಿದ್ದೇನೆ. ಅವರ ಜೊತೆ ಮಾತು ಬಿಟ್ಟಿದ್ದೇನೆ. ಟೀ ಸಹ ಕುಡಿಸಿಲ್ಲ.

ಭಾಗ್ಯಶ್ರೀ


ಪೀಣ್ಯ
18 ಮಾರ್ಚ್ 2004

ಅಣ್ಣಾ,

ಈ ಸಲ ಹೆಚ್ಚು ಬರೆಯಲು ಆಗುವುದಿಲ್ಲ. ಶೆಡ್ಡಿನಲ್ಲಿ ಒಂದು ವಿಷಯ ನಡೆಯುತ್ತಿದೆ. ಅದು ಒಂದು ಕಡೆ ಇತ್ಯರ್ಥವಾದ ಮೇಲೆ ಎಲ್ಲವನ್ನೂ ಬರೆಯುತ್ತೇನೆ. ಯುಗಾದಿಗೆ ನೀನು ಬರುವುದಿಲ್ಲ ಅಂತ ಚಿಗವ್ವ ಸಿಟ್ಟಾಗಿದ್ದಾಳೆ. ಹೊಸ ಅಂಗಿ ತೆಗೆದುಕೋ. ನಾನು ಚೆನ್ನಾಗಿದ್ದೇನೆ, ಅಂದರೆ ಮೈ ಚೆನ್ನಾಗಿದೆ.

ಭಾಗ್ಯಶ್ರೀ


ಜಿಗಣಿ
24 ಮಾರ್ಚ್ 2004

ತಂಗಿ ಭಾಗ್ಯಶ್ರೀಗೆ,

ನಿನ್ನ ಚೀಟಿಯನ್ನು ಶ್ಯಾಮಣ್ಣನವರು ಗೇಟಿನಲ್ಲೇ ಕೊಟ್ಟು ಹೋದರಂತೆ. ಲಾರಿ ಲೋಡಿನ ಗಡಿಬಿಡಿ, ನನ್ನನ್ನು ಹೊರಗೆ ಬಿಡಲಿಲ್ಲ. ಹಾಗಾಗಿ ಈ ಉತ್ತರ ಏಪ್ರಿಲ್ ಒಂದರ ವ್ಯಾನಿಗೆ ಕಾಯಬೇಕು. ಬರೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ತಡೆಯಲಾಗುತ್ತಿಲ್ಲ.

ಮೊದಲು ಶ್ಯಾಮಣ್ಣನವರಿಗೆ ಟೀ ಕುಡಿಸು. ಅವರು ಏನೂ ಓದಿಲ್ಲ. ಫೋನ್ ಮಾಡಿದ ಗಿರಾಕಿ ನಮ್ಮ ಸ್ಟೋರ್ಸ್ ಮ್ಯಾನೇಜರ್ ವೀರೇಶ್ ಸಾರ್. ಅವರಿಗೆ ಹೇಳಿದವನು ನಾನು.

ಯಾರಿಗೂ ಹೇಳುವುದಿಲ್ಲ ಅಂತ ಬರೆದದ್ದು ಸುಳ್ಳು. ಆ ಕಾಗದ ಬರೆಯುವ ಹೊತ್ತಿಗಾಗಲೇ ಹೇಳಿದ್ದೆ. ಆದರೆ ಉಪಾಯದಿಂದ ಹೇಳಿದ್ದೆ. ನಿನ್ನ ಹೆಸರು ಎತ್ತಲಿಲ್ಲ, ನಮ್ಮದು ಖಾಲಿ ಅಂತಲೂ ಅನ್ನಲಿಲ್ಲ. "ಸಾರ್, ಹಸಿರು ಚುಕ್ಕಿದು ಭಾರೀ ಚಲೋ ಬರ್ತಾವಂತ್ರಿ, ದೊಡ್ಡ ಕಂಪನಿಯವರೆಲ್ಲ ಅದನ್ನ ತಗೋತಾರಂತ್ರಿ" ಅಂದೆ, ಅಷ್ಟೇ. ಮಾರ್ಚಿನಲ್ಲಿ ಮುಂಬೈಯಿಂದ ಹಾಸಿಗೆ ಕೊಳ್ಳುವ ಕಂಪನಿಯವರು ಕಾರ್ಖಾನೆ ನೋಡಲು ಬರುವವರಿದ್ದರು. ಅವರಿಗೆ ತೋರಿಸಲು ಏನಾದರೂ ಬೇಕಿತ್ತು. ವೀರೇಶ್ ಸಾರ್ ಕಣ್ಣು ಅರಳಿಸಿದರು. ಚುಕ್ಕಿ ಬಂದ ಮೇಲೆ ಹೇಳಿ ನಿನ್ನನ್ನು ಬೆರಗುಗೊಳಿಸಬೇಕು ಅಂತ ಇಷ್ಟು ದಿನ ಮುಚ್ಚಿಟ್ಟೆ.

ಬಂತು! ಹದಿನಾರಕ್ಕೆ ನಿಮ್ಮ ಪಂಚಾಕ್ಷರಿಯವರೇ ಬಂದಿದ್ದರು. ಹನ್ನೊಂದನ್ನೂ ಬೆಳಿಗ್ಗೆ ಗೇಟಿನ ಹೊರಗಿದ್ದ ವ್ಯಾನಿಗೆ ಒಯ್ದರು, ಊಟದ ಗಂಟೆ ಹೊಡೆಯುವುದರೊಳಗೆ ತಂದು ತೂಗುಹಾಕಿದರು. ಎಂಥ ಚುರುಕು ಕೆಲಸ! ವ್ಯಾನಿನಲ್ಲೇ ಮಷಿನ್ ಇದೆಯೇನೋ. ಈಗ ಚುಕ್ಕಿ ಮುಂದೆಯೇ ಇದೆ, ಕಾರ್ಡಿನ ಪಕ್ಕದಲ್ಲಿ. ನಿನ್ನ ಕೈ ಇಷ್ಟು ದುಂಡಗೆ ಬರೆಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಮುಂಬೈಯವರು ಮೆಚ್ಚಿಕೊಂಡು ಹೋದರು. ವೀರೇಶ್ ಸಾರ್ ನನ್ನನ್ನು ನಮ್ಮ ಪಾಳಿಗೆ ಫೈರ್‌ಮನ್ ಅಂತ ಮಾಡಿ ತೋಳಿಗೆ ಹಳದಿ ಪಟ್ಟಿ ಕೊಟ್ಟಿದ್ದಾರೆ. ಮಲಕಪ್ಪನಿಗೆ ಚುಕ್ಕಿ ತೋರಿಸಿದೆ. ಒಂದೊಂದನ್ನೂ ಮುಟ್ಟಿ ನೋಡಿದ. "ಹಂಗಾರ ಇನ್ನ ಓಡೂದ ಬ್ಯಾಡ" ಅಂದ. ಬ್ಯಾಡ ಅಂದೆ.

ನೀನು ಬೆಂಕಿಕಡ್ಡಿಯಿಂದ ಇಟ್ಟ ಒಂದು ಚುಕ್ಕಿ ಎಲ್ಲಿಗೆ ಬಂದು ಮುಟ್ಟಿತು ನೋಡು. ಅವತ್ತು ಶಾಲೆಯಲ್ಲಿ ನಿನ್ನ ಪರವಾಗಿ ನಾನು ಬಾಯಿ ಬಿಡಲಿಲ್ಲ. ಅದು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಈ ಸಲ ಬಿಟ್ಟಿದ್ದೇನೆ.

ಹಣಮಂತ


ಪೀಣ್ಯ
27 ಮಾರ್ಚ್ 2004

ಅಣ್ಣಾ,

ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ನಿನ್ನೆ ಕೆಲಸದಿಂದ ತೆಗೆದರು. ಇನ್ನು ವ್ಯಾನು ನನಗಿಲ್ಲ.

ಮಾರ್ಚ್ ಹನ್ನೊಂದರಂದು ನನ್ನ ಮೇಜಿಗೆ ಒಂದು ರಟ್ಟಿನ ಪೆಟ್ಟಿಗೆ ಬಂತು. ಒಳಗೆ ಹಸಿರು ಚುಕ್ಕಿ, ಅಂಟಿಸುವಂಥದ್ದು, ಅಚ್ಚು ಹಾಕಿಸಿದ್ದು. ಒಂದು ಸುರುಳಿಗೆ ಸಾವಿರ. ಐದು ಸುರುಳಿ. ಕಾಡಪ್ಪಣ್ಣ ಇಡೀ ತಿಂಗಳು ದುಡಿದರೂ ಇನ್ನೂರು ತುಂಬಿದರೆ ಹೆಚ್ಚು. ನಾನು ಪೆಟ್ಟಿಗೆ ಹಿಡಿದುಕೊಂಡೇ ಅವರ ಹತ್ತಿರ ಓಡಿದೆ. "ಒಸ ಪುಡಿ ಬಂದೈತಾ ಕಾಡಪ್ಪಣ್ಣ?" ಅಂತ ಅವರ ಹಾಗೇ ಕೇಳಿದೆ. ಅವರು ನಗಲಿಲ್ಲ. "ಪುಡಿ ಡ್ರಮ್ಮು ಅಂಗೇ ಐತೆ ಕಣವ್ವ. ಚುಕ್ಕಿ ಮಾತ್ರ ಬಂದೈತೆ" ಅಂದರು.

ಪಂಚಾಕ್ಷರಿ ಸಾರ್ ಅಂದದ್ದು ಇಷ್ಟು: "ಚುಕ್ಕಿ ಕೇಳಿದ್ರು, ಚುಕ್ಕಿ ಕೊಟ್ಟೆ. ಪುಡಿ ಅಂತ ಯಾರಾದ್ರೂ ಕೇಳಿದ್ರಾ?"

ನಾನು ಒಂದೂ ಅಂಟಿಸಲಿಲ್ಲ. ಎರಡು ವಾರ ದಿನಾ ಜಗಳ. ಬೆಳಿಗ್ಗೆ ಹೋಗಿ ಅವರ ಬಾಗಿಲ ಮುಂದೆ ನಿಲ್ಲುವುದು, ಅದೇ ಮಾತು ಹೇಳುವುದು. ಒಂದು ದಿನ, ಇರಲಿ, ಅರ್ಧದಷ್ಟಕ್ಕಾದರೂ ತುಂಬೋಣ ಅಂದರು. ಗೆದ್ದೆ ಅಂದುಕೊಂಡೆ. ಅದು ನನ್ನನ್ನು ಸುಮ್ಮನಿರಿಸಲು ಹೇಳಿದ್ದು. ನಿನ್ನೆ ಪೆಟ್ಟಿಗೆ ಎತ್ತಿಕೊಂಡು ಹೋಗಿ ನಾಲ್ಕು ಸುರುಳಿಯನ್ನು ರಸ್ತೆಯ ಮೋರಿಗೆ ಹಾಕಿದೆ. ಒಂದು ಮಾತ್ರ ನನ್ನ ಚೀಲದಲ್ಲಿದೆ. ಅದಕ್ಕೇ ತೆಗೆದರು.

ಹದಿನೆಂಟಕ್ಕೇ ನಿನಗೆ ಇದನ್ನು ಬರೆಯಬೇಕಿತ್ತು. ಬರೆಯಲು ಕೂತೆ. ಹಿಂದಿನ ಕಾಗದದಲ್ಲಿ ಅಷ್ಟು ಜಂಬ ಕೊಚ್ಚಿಕೊಂಡು, ಈಗ ಸೋತೆ ಅಂತ ಬರೆಯಲು ಕೈ ಬರಲಿಲ್ಲ. ಗೆದ್ದ ಮೇಲೆ ಬರೆಯೋಣ ಅಂತ ಬಿಟ್ಟೆ.

ಪುಣ್ಯಕ್ಕೆ ನಿಮ್ಮ ಕಾರ್ಖಾನೆಯದು ಜನವರಿಯಲ್ಲೇ ಮುಗಿದಿದೆ. ಮತ್ತೆ ಬರುವುದು ಮುಂದಿನ ವರ್ಷ. ನಿಮ್ಮ ಹನ್ನೊಂದಕ್ಕೆ ಚುಕ್ಕಿಯೂ ಇಲ್ಲ, ಪುಡಿಯೂ ಇಲ್ಲ, ಅದು ನಿನಗೆ ಗೊತ್ತೇ ಇದೆ. ಆದ್ದರಿಂದ ಅವಸರವಿಲ್ಲ. ನಾಳೆಯೇ ಬರುತ್ತಿದ್ದೆ, ಚಿಗವ್ವನಿಗೆ ಜ್ವರ. ಮುಂದಿನ ಭಾನುವಾರ ಬರುತ್ತೇನೆ. ಆದರೂ ಇಷ್ಟು ನೆನಪಿಡು: ಇನ್ನು ಮೇಲೆ ಎಲ್ಲಾದರೂ ಹಸಿರು ಚುಕ್ಕಿ ಕಂಡರೆ ಅದು ನನ್ನದಲ್ಲ. ನಂಬಬೇಡ.

ಭಾಗ್ಯಶ್ರೀ


ಸುಟ್ಟಗಾಯದ ವಾರ್ಡು
14 ಏಪ್ರಿಲ್ 2004

ಭಾಗ್ಯಶ್ರೀಗೆ,

ಈ ಅಕ್ಷರ ನನ್ನದಲ್ಲ. ವಾರ್ಡಿನ ಆಯಾ ರುದ್ರಮ್ಮನವರು ಬರೆದುಕೊಡುತ್ತಿದ್ದಾರೆ. ನನ್ನ ಎರಡೂ ಕೈಗೆ ಬಟ್ಟೆ ಸುತ್ತಿದ್ದಾರೆ. ನೀನು ದಿನಾ ಬಂದು ಮೆಟ್ಟಿಲ ಮೇಲೆ ಕೂತು ಹೋಗುತ್ತೀ ಅಂತ ಅವರು ಹೇಳಿದರು. ಒಳಗೆ ಬಿಡಬೇಡಿ ಅಂದವನು ನಾನು. ಬಿಟ್ಟರೆ ನೀನು ಅಳುತ್ತೀ, ನಾನೂ ಅಳುತ್ತೇನೆ, ಕೇಳಬೇಕಾದದ್ದು ಹಾಗೇ ಉಳಿಯುತ್ತದೆ.

ಮಾರ್ಚ್ ಇಪ್ಪತ್ತೊಂಬತ್ತು, ಸೋಮವಾರ, ಮಧ್ಯಾಹ್ನ ಮೂರು ಗಂಟೆ. ಕಟಿಂಗ್ ಮಷಿನ್ ಹತ್ತಿರ ವೈರಿನಿಂದ ಕಿಡಿ ಬಿತ್ತು. ಒಂದು ದಿಂಡು ಹತ್ತಿಕೊಂಡಿತು. ಆಗ ಬೆಂಕಿ ಇನ್ನೂ ನಮ್ಮ ಮೊಣಕಾಲಿನಷ್ಟು ಎತ್ತರ. ಎಲ್ಲರೂ ಮುಂದಿನ ಬಾಗಿಲಿಗೆ ಓಡಿದರು. ಮಲಕಪ್ಪ ಎಲ್ಲರಿಗಿಂತ ಮೊದಲು ಹೊರಗೆ ಹೋಗಿದ್ದ. ನನ್ನ ತೋಳಿನಲ್ಲಿ ಹಳದಿ ಪಟ್ಟಿ ಇತ್ತು. ನಾನು ಗೋಡೆಯಿಂದ ಸಿಲಿಂಡರ್ ಇಳಿಸಿ ಕೂಗಿದೆ, "ಮಲಕಪ್ಪಾ, ಬಾರಲೇ, ಚುಕ್ಕಿ ಐತಿ, ಆರಸೂನು ಬಾ." ಅವನು ಬಾಗಿಲಿನಲ್ಲಿ ನಿಂತು ನನ್ನ ಮುಖ ನೋಡಿದ. ಆಮೇಲೆ ಬಂದ. ಇಬ್ಬರೂ ಒಂದೊಂದು ಹಿಡಿದು ಗುಂಡಿ ಗುದ್ದಿದೆವು. ಏನೂ ಬರಲಿಲ್ಲ. ಇನ್ನೊಂದು ಇಳಿಸಿದೆವು, ಮತ್ತೊಂದು ಇಳಿಸಿದೆವು. ನಾಲ್ಕನೆಯದಕ್ಕೆ ಬೆಂಕಿ ಸೂರಿಗೆ ಮುಟ್ಟಿತ್ತು. ಮುಂದಿನ ದಾರಿ ಮುಚ್ಚಿತು. ಹಿಂದಿನ ಬಾಗಿಲಿಗೆ ಬೀಗ. ಫೋಮಿನ ಹೊಗೆ ಕರ್ರಗೆ ಇರುತ್ತದೆ, ಕೈಯೇ ಕಾಣುವುದಿಲ್ಲ. ನನ್ನನ್ನು ಯಾರೋ ಎಳೆದು ಹಾಕಿದರು. ಅವನನ್ನು ಎಳೆಯಲು ಆಗಲಿಲ್ಲ.

ಅವನ ಹೆಂಡತಿಗೆ ಈಗ ಏಳು ತಿಂಗಳು.

ನೀನು ಅಂಚೆಗೆ ಹಾಕಿದ ಕಾಗದ ಮೂವತ್ತಕ್ಕೆ ರೂಮಿಗೆ ಬಂತಂತೆ. ಮನೆ ಮಾಲೀಕರು ತಂದುಕೊಟ್ಟರು, ರುದ್ರಮ್ಮನವರು ಓದಿದರು. ನಾನು ಇಪ್ಪತ್ನಾಲ್ಕಕ್ಕೆ ಬರೆದದ್ದು ಪ್ಯಾಂಟಿನ ಜೇಬಿನಲ್ಲಿ ಅರ್ಧ ಸುಟ್ಟು ಉಳಿದಿದೆ. ಅದನ್ನೂ ಇದರ ಜೊತೆ ಕಳಿಸುತ್ತಿದ್ದೇನೆ. ಓದಿದರೆ ನನ್ನ ಪಾಲು ಎಷ್ಟು ಅಂತ ನಿನಗೆ ತಿಳಿಯುತ್ತದೆ. ಅದನ್ನು ನಾನು ಇಳಿಸಿಕೊಳ್ಳುವುದಿಲ್ಲ.

ಒಂದನ್ನು ಮಾತ್ರ ನಿನ್ನ ಬಾಯಿಂದ ನೇರವಾಗಿ ಕೇಳಬೇಕು. ಹದಿನೆಂಟನೇ ತಾರೀಖು ಶ್ಯಾಮಣ್ಣ ಕಾರ್ಖಾನೆಗೆ ಬಂದಾಗ, ಚುಕ್ಕಿ ಸುಳ್ಳು ಅಂತ ನಿನಗೆ ಗೊತ್ತಿತ್ತಾ?

ಹಣಮಂತ


ಪೀಣ್ಯ
16 ಏಪ್ರಿಲ್ 2004

ಅಣ್ಣಾ,

ಗೊತ್ತಿತ್ತು. ಹನ್ನೊಂದನೇ ತಾರೀಖಿನಿಂದಲೇ ಗೊತ್ತಿತ್ತು. ಹದಿನೆಂಟರ ಚೀಟಿಯಲ್ಲಿ ಒಂದು ಸಾಲು ಹೆಚ್ಚಿಗೆ ಬರೆದಿದ್ದರೆ ಮಲಕಪ್ಪಣ್ಣ ಬಾಗಿಲಿನಿಂದ ತಿರುಗಿ ಬರುತ್ತಿರಲಿಲ್ಲ. ಚೀಟಿಯಲ್ಲಿ ಜಾಗ ಇತ್ತು. ಹೊಸ ಅಂಗಿ ತೆಗೆದುಕೋ ಅಂತ ಬರೆದೆ.

ನಿನಗೆ ಗೊತ್ತಿರಬೇಕಾದ ಉಳಿದದ್ದನ್ನೂ ಹೇಳುತ್ತೇನೆ. ಜಿಗಣಿಯಿಂದ ಪೊಲೀಸರು ಬಂದರು. ಪಂಚಾಕ್ಷರಿಯವರು ತಮ್ಮ ಪುಸ್ತಕ ತೋರಿಸಿದರಂತೆ. ಅದರಲ್ಲಿ ತುಂಬಿದ್ದು ಯಾವಾಗ, ಪರೀಕ್ಷೆ ಆದದ್ದು ಯಾವಾಗ, ಎಲ್ಲ ಇದೆ, ಎಲ್ಲ ನನ್ನ ಅಕ್ಷರದಲ್ಲಿ. "ಹುಡುಗಿ ಬರೆದದ್ದನ್ನ ನಂಬಿದೆ ಸಾರ್, ಶಾಲೆ ಬಿಟ್ಟವಳು ಅಂತ ಪಾಪ ನೋಡಿದ್ದಕ್ಕೆ ಹಿಂಗಾಯ್ತು" ಅಂದರಂತೆ. ಚುಕ್ಕಿ ಕಂಡುಹಿಡಿದವಳೂ ನಾನೇ ಅಂದರು. ಅದು ನಿಜ.

ಮರುದಿನ ಅವರೇ ನಮ್ಮ ರೂಮಿಗೆ ಬಂದರು. ಚಾಪೆಯ ಮೇಲೆ ಕೂತು ಚಿಗವ್ವ ಕೊಟ್ಟ ನೀರು ಕುಡಿದರು. "ಅಕ್ಷರ ನಿನ್ನದಲ್ಲ ಅಂದುಬಿಡಮ್ಮ. ಯಾರದೋ ಗೊತ್ತಿಲ್ಲ ಅನ್ನು. ವಕೀಲರು ನೋಡ್ಕೋತಾರೆ, ನೀನೂ ಉಳೀತೀಯ, ನಾನೂ ಉಳೀತೀನಿ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಅಷ್ಟರಲ್ಲಿ ಅವರ ಮೊಬೈಲ್ ಹೊಡೆದುಕೊಂಡಿತು. ಎತ್ತಿ, "ಆಗತ್ತೆ ಸಾರ್, ನಾಳೆನೇ ಕಳಿಸ್ತೀನಿ, ನಲವತ್ತಲ್ವಾ" ಅಂದರು. ಬೆಂಕಿ ಬಿದ್ದ ಮೇಲೆ ಜಿಗಣಿಯ ಕಾರ್ಖಾನೆಗಳೆಲ್ಲ ಹೊಸ ಕಾರ್ಡು ಕೇಳುತ್ತಿವೆಯಂತೆ. ಎರಡು ವಾರದಲ್ಲಿ ಒಂದು ವರ್ಷದ ವ್ಯಾಪಾರ ಅಂತ ಕಾಡಪ್ಪಣ್ಣ ಹೇಳಿದರು. ಅವರೂ ಕೆಲಸ ಬಿಟ್ಟಿದ್ದಾರೆ. ತಾರೀಖು ಬರೆಯಲು ಇಬ್ಬರು ಹೊಸ ಹುಡುಗಿಯರು ಬಂದಿದ್ದಾರೆ.

ಶ್ಯಾಮಣ್ಣನ ಕಾಲಿಗೆ ಬಿದ್ದೆ. "ಏಳಮ್ಮ, ಕಾಗದ ಓದಿದ್ರೆ ಚೆನ್ನಾಗಿತ್ತು, ನಂಗೆ ಓದೋಕೇ ಬರಲ್ವಲ್ಲ" ಅಂದರು. ನಿನ್ನೆ ಅವರೇ ನನ್ನನ್ನು ತಮ್ಮ ಸ್ನೇಹಿತರ ಆಟೋದಲ್ಲಿ ಠಾಣೆಗೆ ಕರೆದುಕೊಂಡು ಹೋದರು.

ಚೀಲದಲ್ಲಿದ್ದ ಚುಕ್ಕಿಯ ಸುರುಳಿಯನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಇಟ್ಟೆ. ಸುಟ್ಟ ಕಾರ್ಡೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ತೋರಿಸಿ, "ಇದು ನಿನ್ನ ಅಕ್ಷರಾನಾ?" ಅಂದರು. ಮುಕ್ಕಾಲು ಭಾಗ ಹೋಗಿತ್ತು. ಎರಡರ ಬಾಲ ಉಳಿದಿತ್ತು. ನನ್ನದು ಅಂದೆ. ಯೋಚನೆ ಮಾಡಿ ಹೇಳು, ನಿನ್ನ ಮೇಲೂ ಕೇಸು ಬರತ್ತೆ ಅಂದರು. ನನ್ನದೇ ಸಾರ್ ಅಂದೆ. ಮೊದಲಿನಿಂದ ಕೊನೆಯ ತನಕ ಎಲ್ಲ ಹೇಳಿದೆ, ಹದಿನೆಂಟನೇ ತಾರೀಖಿನ ಚೀಟಿಯದೂ. ಅದನ್ನು ಅವರು ಕೇಳಿರಲಿಲ್ಲ. ಅದು ಕೇಸಿಗೆ ಬೇಕಾಗಿಲ್ಲ ಅಂದರು. ಬರೆದುಕೊಳ್ಳಿ ಅಂದೆ. ಬರೆದುಕೊಂಡರು.

ಈ ಕಾಗದವನ್ನು ರುದ್ರಮ್ಮನವರ ಕೈಗೆ ಕೊಟ್ಟು ಮೆಟ್ಟಿಲ ಮೇಲೆ ಕೂತಿರುತ್ತೇನೆ. ನೀನು ಕರೆಯಬೇಕಾಗಿಲ್ಲ. ಕರೆದುಕೊಂಡು ಹೋಗಲು ಪೊಲೀಸರು ಬರುವ ತನಕ ದಿನಾ ಕೂತಿರುತ್ತೇನೆ. ಮಲಕಪ್ಪಣ್ಣನ ಹೆಂಡತಿಗೆ ಬರೆಯಲು ಹಾಳೆ ತಂದಿದ್ದೇನೆ. ಅವರ ಹೆಸರು ನನಗೆ ಗೊತ್ತಿಲ್ಲ. ಅದೊಂದನ್ನು ರುದ್ರಮ್ಮನವರಿಗೆ ಹೇಳಿ ಕಳಿಸು.

ಠಾಣೆಯಲ್ಲಿ ಹೇಳಿಕೆ ಓದಿ ಹೇಳಿದ ಮೇಲೆ ಕೊನೆಯ ಹಾಳೆಯನ್ನು ನನ್ನ ಕಡೆಗೆ ತಳ್ಳಿ, "ಸಹಿ ಮಾಡಿ ತಾರೀಖು ಹಾಕು" ಅಂದರು. ಎಷ್ಟು ಸಾವಿರ ಸಲ ಬರೆದದ್ದು ಅದನ್ನೇ. ಗೋಡೆಯ ಕ್ಯಾಲೆಂಡರ್ ನೋಡಿದೆ. ಹಾಳೆ ಹರಿದಿರಲಿಲ್ಲ, ಹಿಂದಿನ ದಿನದ್ದೇ ಇತ್ತು. ಎದ್ದು ಹೋಗಿ ಹರಿದೆ. ಆಮೇಲೆ ಬಂದು ಆ ದಿನದ ತಾರೀಖು ಬರೆದೆ.

ಭಾಗ್ಯಶ್ರೀ